ಮೂರನೇ ಸಾಲು

ಮಾರ್ಚ್ ಹನ್ನೊಂದು, ಮಂಗಳವಾರ

ನನ್ನ ಪುಟ್ಟಿಗೆ,

ಅಮ್ಮನ ನೂರು ಮುತ್ತುಗಳು. ನೀನು ಚೆನ್ನಾಗಿದ್ದೀ ತಾನೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀ ತಾನೆ? ಕ್ರೇನ್ ಹತ್ತುವಾಗ ಸೊಂಟದ ಪಟ್ಟಿ ಹಾಕಿಕೊಳ್ಳುತ್ತೇನೆ ಅಂತ ಹೋದ ಸಲ ನೀನು ಹೇಳಿದೆ, ಆದರೆ ಹೇಳುವಾಗ ನಗುತ್ತಿದ್ದೆ. ಅದಕ್ಕೇ ಮತ್ತೆ ಕೇಳುತ್ತಿದ್ದೇನೆ. ಬಂದರಿನ ಕಡೆ ಗಾಳಿ ಜೋರು ಅಂತ ರೇಡಿಯೋದಲ್ಲಿ ಹೇಳಿದರು. ಆವತ್ತಿನಿಂದ ಇಲ್ಲಿ ಕಿಟಕಿ ಅಲ್ಲಾಡಿದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ನಿನ್ನ ಕಾಗದಕ್ಕೆ ಐದು ವಾರ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಹರಿದು ಹಾಕಿದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಅದರಲ್ಲೂ ಅರ್ಧ ದಿನಗಳು ತಂಗಿಯರನ್ನು ಎತ್ತಿಕೊಂಡೇ ಕಳೆದವು. ಒತ್ತಕ್ಷರ ಬಿಟ್ಟಿದ್ದರೆ ನೀನೇ ಸೇರಿಸಿಕೊಂಡು ಓದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಮೇಲೆ ಹತ್ತಿದರೆ ಎಂಟು ಗಂಟೆ ಇಳಿಯುವುದಿಲ್ಲ, ಇಳಿದ ಮೇಲೆ "ಅಮ್ಮ, ಚುಟುಕಾಗಿ ಹೇಳು" ಅನ್ನುತ್ತೀ. ಚುಟುಕಾಗಿ ಹೇಳಲು ಬರುವಂತಿದ್ದರೆ ನಾನು ನಾನಾಗಿರುತ್ತಿದ್ದೆನೇ? ಅದೂ ಅಲ್ಲದೆ, ಇದನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ ಅಂತ ಒಬ್ಬ ಹೇಳಿಹೋಗಿದ್ದಾನೆ. ಅವನು ಯಾರು ಅಂತ ಮುಂದೆ ಬರೆಯುತ್ತೇನೆ.

ಮೊದಲು ಕ್ಷೇಮ ಸಮಾಚಾರ ಮುಗಿಸಿಬಿಡುತ್ತೇನೆ. ಮೊಣಕಾಲು ಹಾಗೇ ಇದೆ. ಮೆಟ್ಟಿಲ ದೀಪ ಮತ್ತೆ ಕೆಟ್ಟಿದೆ, ಕೈಯಲ್ಲಿ ಗೋಡೆ ಸವರಿಕೊಂಡು ಹತ್ತುತ್ತೇನೆ. ಡಾಕ್ಟರಮ್ಮ ವಾರಕ್ಕೆ ನಾಲ್ಕೈದು ಹಲ್ಲು ಸೆಟ್ಟಿನ ಕೆಲಸ ಕಳಿಸುತ್ತಾರೆ. ಅಚ್ಚು ಹೊಯ್ಯುವುದು, ಮೇಣ ಕೂರಿಸುವುದು ನನ್ನದು. ಹಲ್ಲು ಜೋಡಿಸುವುದನ್ನು ಬೇರೆಯವರಿಗೆ ಕೊಡುತ್ತಾರೆ. ಅಪ್ಪ ಜೋಡಿಸಿದ ಹಾಗೆ ಇರುವುದಿಲ್ಲ, ಎಲ್ಲರಿಗೂ ಒಂದೇ ನಗು ಬಂದುಬಿಡುತ್ತದೆ. ಅವರು ಹೋದ ಮೇಲೆ ಅಪ್ಪನ ಮೇಜನ್ನು ನಾನು ಮುಟ್ಟಿಲ್ಲ. ಮುಟ್ಟಿಲ್ಲ ಅನ್ನುವುದು ಸುಳ್ಳು, ಈ ಎರಡು ವಾರದಲ್ಲಿ ಅದರ ಎಲ್ಲ ಡ್ರಾಯರ್‌ಗಳನ್ನೂ ನೆಲಕ್ಕೆ ಸುರಿದು ಹುಡುಕಿದ್ದೇನೆ.

ವಿಷಯ ಏನೆಂದರೆ, ಅಪ್ಪ ಬಹಳ ದೊಡ್ಡ ಶ್ರೀಮಂತರಂತೆ.

ಹೀಗೆ ಬರೆದು ನಾನೇ ಎರಡು ಸಲ ಓದಿಕೊಂಡೆ. ಒಂದೇ ಚಪ್ಪಲಿಯನ್ನು ಐದು ವರ್ಷ ಹೊಲಿಸಿ ಹೊಲಿಸಿ ಹಾಕಿದ ಮನುಷ್ಯ. ನಂಬಿಕೆ ಬರುವುದಿಲ್ಲ ಅಲ್ಲವೇ? ನನಗೂ ಬರುವುದಿಲ್ಲ. ಹಾಗಂತ ಸುಳ್ಳು ಅನ್ನಲೂ ಧೈರ್ಯ ಬರುವುದಿಲ್ಲ.

ಹೋದ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ನಾನು ಪ್ಲಾಸ್ಟರ್ ಕಲಸುತ್ತಿದ್ದೆ. ಬಾಗಿಲು ತಟ್ಟಿದರು. ಪ್ಲಾಸ್ಟರ್ ಕಲಸಿದ ಮೇಲೆ ದೇವರು ಬಂದರೂ ಹೊರಗೆ ಕಾಯಬೇಕು, ಅದು ಕಾಯುವುದಿಲ್ಲವಲ್ಲ. "ನಿಲ್ಲಿ" ಅಂತ ಕೂಗಿ, ಹೊಯ್ದು ಮುಗಿಸಿ, ಕೈ ಒರೆಸಿಕೊಂಡು ತೆಗೆದೆ. ಮೂವತ್ತು ಮೂವತ್ತೈದರ ಗಂಡಸು, ಬೆಲೆಬಾಳುವ ಕೋಟು, ಕೈಯಲ್ಲಿ ಒದ್ದೆ ಕೊಡೆ.

"ಗುರುತು ಸಿಗ್ಲಿಲ್ವಾ ಆಂಟಿ?" ಅಂದ.

"ಇಲ್ಲಪ್ಪ" ಅಂದೆ.

ನಕ್ಕ. ನಕ್ಕ ತಕ್ಷಣ ಸಿಕ್ಕಿತು. ಮೇಲಿನ ಮುಂದಿನ ಎರಡು ಹಲ್ಲು ಅಪ್ಪನ ಕೈಯವು. ಎಡಗಡೆಯದನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸುತ್ತಿದ್ದರು, ತೀರಾ ನೇರ ಕೂರಿಸಿದರೆ ಹಲ್ಲು ಸುಳ್ಳು ಹೇಳಿದ ಹಾಗೆ ಕಾಣುತ್ತದೆ ಅನ್ನುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಬೈಕಿನಿಂದ ಬಿದ್ದು ಬಾಯಿ ಒಡೆದುಕೊಂಡು ಬಂದಿದ್ದನಲ್ಲ, ಆ ಹುಡುಗ. ಕೈಯಲ್ಲಿ ಕಾಸಿಲ್ಲ ಅಂದಿದ್ದ. ಅಪ್ಪ ಹಲ್ಲು ಕಟ್ಟಿ ಕೊಟ್ಟರು. ಏನು ತಗೊಂಡಿರಿ ಅಂತ ಕೇಳಿದ್ದಕ್ಕೆ, "ಅವನೂ ಅವನ ಸ್ನೇಹಿತರೂ ಸೇರಿ ಕಂಪ್ಯೂಟರಿನಲ್ಲಿ ಏನೋ ನಾಣ್ಯ ಮಾಡಿದ್ದಾರಂತೆ, ಅದನ್ನೇ ಒಂದಿಷ್ಟು ಕೊಟ್ಟ" ಅಂದರು. ಆವತ್ತು ನಾನು ಸುಮ್ಮನಿರಬಹುದಿತ್ತು. ಒಂದು ವಾರ ಬಿಡದೆ ಕೊರೆದೆ. ಪೊಲೀಸರು ಬಂದರೆ? ಖೋಟಾ ನಾಣ್ಯ ಆಗಿದ್ದರೆ? ನಮ್ಮ ಹೆಸರು ಎಲ್ಲಾದರೂ ಬರೆದುಕೊಂಡಿದ್ದರೆ? ಎಂಟನೇ ದಿನ ಅಪ್ಪ "ಅದನ್ನ ಎಸೆದುಬಿಟ್ಟೆ ಮಾರಾಯ್ತಿ, ಮಲಕ್ಕೋ" ಅಂದರು. ನಾನು ಮಲಗಿದೆ.

ಎಸೆದಿರಲಿಲ್ಲವಂತೆ.

ಅವನು (ಎರಡು ಹಲ್ಲಿನವನು ಅಂತಲೇ ಬರೆಯುತ್ತೇನೆ) ಫೋನು ತೆಗೆದು ಒಂದು ಪಟ್ಟಿ ತೋರಿಸಿದ. ಹೆಸರಿಲ್ಲ, ವಿಳಾಸವಿಲ್ಲ, ಬರೀ ಅಂಕಿ ಅಕ್ಷರ ಕಲಸಿಟ್ಟ ಉದ್ದುದ್ದ ಸಾಲುಗಳು. ಆ ನಾಣ್ಯ ಯಾರ್ಯಾರ ಹತ್ತಿರ ಎಷ್ಟಿದೆ ಅನ್ನುವ ಪಟ್ಟಿ, ಪ್ರಪಂಚದಲ್ಲಿ ಯಾರು ಬೇಕಾದರೂ ನೋಡಬಹುದಂತೆ.

"ಒಟ್ಟು ನೂರು ಪಾಲು ಅನ್ಕೊಳ್ಳಿ ಆಂಟಿ. ಈ ಮೊದಲ ಹತ್ತು ಸಾಲಲ್ಲೇ ಎಂಬತ್ತೇಳು ಪಾಲು."

"ಉಳಿದ ಹದಿಮೂರು?"

"ಅದು ಎರಡು ಲಕ್ಷ ಜನಕ್ಕೆ."

ನನಗೆ ತಟ್ಟನೆ ಬಂದದ್ದು ಬಾಯಿಯ ಲೆಕ್ಕವೇ. ಮೂವತ್ತೆರಡು ಹಲ್ಲಿರುವ ಬಾಯಲ್ಲಿ ಭಾರವೆಲ್ಲ ಎರಡು ದವಡೆ ಹಲ್ಲಿನ ಮೇಲೆ ಬಿದ್ದರೆ ಆ ಸೆಟ್ಟು ಎಷ್ಟು ದಿನ ಬಾಳುತ್ತದೆ? ಅಂಥ ಕೆಲಸವನ್ನು ಡಾಕ್ಟರಮ್ಮ ನನ್ನ ಮುಖಕ್ಕೇ ವಾಪಸ್ ಎಸೆಯುತ್ತಾರೆ.

"ಮೊದಲನೇ ಸಾಲು ಯಾರದ್ದಪ್ಪ?" ಅಂದೆ.

"ಅದು ಅಂಗಡಿ ಆಂಟಿ. ಕೊಳ್ಳೋರು, ಮಾರೋರು ಅಲ್ಲಿ ಇಟ್ಟಿರ್ತಾರೆ. ಸಾಲು ಒಂದು, ಒಳಗೆ ಸಾವಿರಾರು ಜನ."

"ಎರಡನೇದು?"

"ಅದು ನಾವು. ಶುರು ಮಾಡಿದ ನಾಲ್ಕು ಜನ."

"ನಾಲ್ಕು ಜನ ಸೇರಿ ಒಂದು ಸಾಲಾ?"

"ಇಲ್ಲ, ನಾಲ್ಕು ಜನ, ಆರು ಸಾಲು."

ನನ್ನ ತಲೆ ಗಿರ್ರೆಂದಿತು. ಒಂದು ಸಾಲಿನಲ್ಲಿ ಸಾವಿರಾರು ಜನ, ನಾಲ್ಕು ಜನಕ್ಕೆ ಆರು ಸಾಲು. "ಹಾಗಾದ್ರೆ ಈ ಪಟ್ಟಿ ನೋಡಿ ಯಾರ ಹತ್ರ ಎಷ್ಟಿದೆ ಅಂತ ಹೆಂಗಪ್ಪ ಗೊತ್ತಾಗೋದು?"

"ಗೊತ್ತಾಗಲ್ಲ. ಅದೇ ಇದರ ಚೆಂದ" ಅಂತ ಮತ್ತೆ ನಕ್ಕ. ಆಮೇಲೆ ಬೆರಳನ್ನು ಮೂರನೇ ಸಾಲಿನ ಮೇಲೆ ಇಟ್ಟು, ನಗು ನಿಲ್ಲಿಸಿ, "ಇದೊಂದು ಮಾತ್ರ ನನಗೆ ಗೊತ್ತು. ಇದು ನಿಮ್ಮ ಮನೆಯವರದ್ದು. ನಾನೇ ಕೊಟ್ಟದ್ದು" ಅಂದ.

ಆಗ ಅದಕ್ಕೆ ಬೆಲೆಯೇ ಇರಲಿಲ್ಲವಂತೆ, ಬೆಲ್ಲದ ಅಂಗಡಿಯವನು ಚೂರು ಕೈಗಿಡುವ ಹಾಗೆ ಹಿಡಿ ಹಿಡಿ ಕೊಟ್ಟನಂತೆ. ಈಗ ಎಷ್ಟಾಗುತ್ತದೆ ಅಂತ ಕೇಳಿದೆ. ಒಂದು ಸಂಖ್ಯೆ ತೋರಿಸಿದ. ನಾನು ಸೊನ್ನೆ ಎಣಿಸುವಷ್ಟರಲ್ಲಿ ಅದು ಬದಲಾಯಿತು. ಚಹಾ ಆರುವುದರೊಳಗೆ ಇನ್ನೆರಡು ಸಲ ಬದಲಾಯಿತು. ಈ ಬೀದಿಯ ಎರಡೂ ಬದಿಯ ಕಟ್ಟಡಗಳನ್ನು ಕೊಳ್ಳಬಹುದು ಅಂದ. ಆದರೆ ಒಟ್ಟಿಗೆ ಮಾರಲು ಹೋದರೆ ಬೆಲೆ ಬಿದ್ದು ಒಂದು ಮೆಟ್ಟಿಲೂ ಬರುವುದಿಲ್ಲ ಅಂತಲೂ ಅವನೇ ಅಂದ. ಇದೆಂಥ ಶ್ರೀಮಂತಿಕೆ ಪುಟ್ಟಿ? ಮುಟ್ಟುವ ತನಕ ಮಾತ್ರ ಇರುವಂಥದ್ದು.

"ಎಲ್ಲಿದೆ ಅದು ಈಗ?" ಅಂದೆ.

"ಎಲ್ಲೂ ಇಲ್ಲ ಆಂಟಿ. ಎಲ್ಲಾ ಕಡೆ ಇದೆ."

"ದೇವರ ವಿಷಯ ಹೇಳೋ ಥರ ಹೇಳ್ಬೇಡಪ್ಪ. ನಮ್ಮ ಮನೇಲಿ ಇದೆಯೋ ಇಲ್ವೋ?"

ಆಗ ಅವನು ಹೇಳಿದ ಮಾತಿನಿಂದಲೇ ನನಗೆ ಈ ಎರಡು ವಾರ ಅನ್ನ ಇಳಿದಿಲ್ಲ. ನಾಣ್ಯ ಮನೆಯಲ್ಲಿಲ್ಲ, ಅದನ್ನು ತೆಗೆಯುವ ಹನ್ನೆರಡು ಪದ ಎಲ್ಲೋ ಇರಬೇಕು ಅಂದ. ಹನ್ನೆರಡು ಇಂಗ್ಲಿಷ್ ಪದ, ಒಂದಾದ ಮೇಲೊಂದು, ಕ್ರಮ ತಪ್ಪಬಾರದು. ಅದು ಯಾರಿಗೆ ಗೊತ್ತೋ ಅವರೇ ಒಡೆಯರು. ಗೊತ್ತಿಲ್ಲದಿದ್ದರೆ ಹೆಂಡತಿಯಾದರೂ ಅಷ್ಟೆ, ನ್ಯಾಯಾಧೀಶರಾದರೂ ಅಷ್ಟೆ. "ಕಾಗದದ ಮೇಲೆ ಬರೀತಾರೆ. ಕೆಲವರು ಕಬ್ಬಿಣದ ಮೇಲೆ ಕೆತ್ತಿಸ್ತಾರೆ. ಅಂಕಲ್ ಬುದ್ಧಿವಂತರು, ಬೇರೆಯವರಿಗೆ ಹೊಳೀದೇ ಇರೋ ಕಡೆ ಇಟ್ಟಿರ್ತಾರೆ. ನೆನಪು ಮಾಡ್ಕೊಳ್ಳಿ, ಫೋನಲ್ಲಿ ಮಾತ್ರ ಯಾರಿಗೂ ಹೇಳ್ಬೇಡಿ. ಹನ್ನೆರಡು."

ನಾನು ಲೋಟ ಕೆಳಗಿಟ್ಟೆ. ನನಗೆ ಗೊತ್ತಾಗಿಹೋಯಿತು. ಅವನಿಗೆ ಮಾತ್ರ "ಡ್ರಾಯರ್‌ಗಳಲ್ಲಿ ನೋಡ್ತೀನಪ್ಪ" ಅಂದೆ.

ಇವತ್ತಿಗೆ ಇಷ್ಟು ಸಾಕು. ನಾಳೆ ಬರೆಯುತ್ತೇನೆ.

ಗುರುವಾರ

ನಾಳೆ ಅಂದಿದ್ದೆ, ಆಗಲಿಲ್ಲ. ನಿನ್ನೆ ಪೆನ್ನು ಹಿಡಿದು ಕೂತು ಎದ್ದೆ.

ನಮ್ಮ ಕಪಾಟಿನ ನಿಯಮ ನಿನಗೆ ಗೊತ್ತು, ಅದರ ಕೆಳಗೇ ಆಡಿ ಬೆಳೆದವಳು. ಆದರೂ ಬರೆಯುತ್ತೇನೆ, ಬರೆದರೆ ನನ್ನ ತಪ್ಪು ಎಷ್ಟುದ್ದ ಅಂತ ನನಗೇ ಕಾಣಲಿ. ಒಬ್ಬರ ಬಾಯಿಯ ಅಚ್ಚು ಹೊಯ್ದರೆ ಅದರ ತಳದಲ್ಲಿ ನಂಬರ್ ಕೆತ್ತಿ ಕಪಾಟಿನಲ್ಲಿಡುತ್ತೇವೆ. ಅವರು ತೀರಿಕೊಂಡರೆ ಡಾಕ್ಟರಮ್ಮ ಚೀಟಿ ಕಳಿಸುತ್ತಾರೆ, ಅದೇ ವಾರ ಆ ಅಚ್ಚನ್ನು ಒಡೆಯಬೇಕು. ಒಂದು ಸಲ, ನೀನು ಹುಟ್ಟುವ ಮೊದಲು, ಒಡೆಯದೆ ಬಿಟ್ಟ ಅಚ್ಚು ಅದಲುಬದಲಾಗಿ, ಸತ್ತ ಮುದುಕನ ಬಾಯಿಗೆ ಹೊಂದುವ ಸೆಟ್ಟು ಬದುಕಿದ್ದ ಹೆಂಗಸಿಗೆ ಹೋಗಿ, ಆಕೆ ನಮ್ಮ ಮೆಟ್ಟಿಲಲ್ಲಿ ನಿಂತು ಬೈದಳು. ಆವತ್ತಿನಿಂದ ಒಡೆಯುವುದು ನನ್ನ ಕೆಲಸ. ಅಪ್ಪ ಮರೆಯುತ್ತಿದ್ದರು, ನಾನು ಮರೆಯುತ್ತಿರಲಿಲ್ಲ. ಹಿಟ್ಟಿನ ಚೀಲಕ್ಕೆ ಹಾಕಿ, ಬೋರಲು ಮಾಡಿ, ಮರದ ಸುತ್ತಿಗೆಯಿಂದ ಮೂರು ಏಟು. ಹಲ್ಲು ಮೇಲೆ ಮಾಡಿ ಹೊಡೆಯಲು ನನಗೆ ಇವತ್ತಿಗೂ ಆಗುವುದಿಲ್ಲ, ನೋಡಿದ ಹಾಗೆ ಆಗುತ್ತದೆ.

ಅಪ್ಪ ಹೋದ ಮೇಲೆ, ನೀನು ಕೆಲಸಕ್ಕೆ ವಾಪಸ್ ಹೊರಟ ಮಾರನೇ ದಿನ, ಕಪಾಟಿನ ಮೇಲಿನ ಹಲಗೆ ಒರೆಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಅಪ್ಪನ ಬಾಯಿ ಇತ್ತು. ಒಂದಲ್ಲ, ಹನ್ನೆರಡು. ಎಡಗಡೆ ಕೋರೆಹಲ್ಲು ಒಳಗೆ ಮಡಚಿಕೊಂಡಿರುವುದು, ಮೇಲಿನ ಮೂಲೆಯಲ್ಲಿ ಹಲ್ಲಿಲ್ಲದ ಜಾಗ. ಕತ್ತಲಲ್ಲಿ ಬೆರಳಾಡಿಸಿದರೂ ನಾನು ಗುರುತು ಹಿಡಿಯುತ್ತೇನೆ. ಹೊಸ ಪ್ಲಾಸ್ಟರ್ ಬಂದಾಗಲೆಲ್ಲ ಅಪ್ಪ ಮೊದಲು ತಮ್ಮ ಬಾಯನ್ನೇ ಹೊಯ್ದು ನೋಡುತ್ತಿದ್ದರಲ್ಲ, ಅವೇ ಅಂದುಕೊಂಡೆ. ಪ್ರತಿಯೊಂದರ ತಳದಲ್ಲೂ ಒಂದರಿಂದ ಹನ್ನೆರಡರ ತನಕ ನಂಬರ್, ಪಕ್ಕದಲ್ಲಿ ಒಂದೊಂದು ಇಂಗ್ಲಿಷ್ ಪದ. ಪ್ಲಾಸ್ಟರ್ ಕಂಪನಿಗಳ ಹೆಸರಿರಬೇಕು ಅಂದುಕೊಂಡೆ. ಚೀಟಿ ಯಾರೂ ಕಳಿಸಿರಲಿಲ್ಲ, ಕಳಿಸುವ ಅಗತ್ಯವೂ ಇರಲಿಲ್ಲ. ಬಾಯಿ ಹೋದ ಮೇಲೆ ಅಚ್ಚು ಇರಬಾರದು. ಒಂದನ್ನಾದರೂ ಇಟ್ಟುಕೊಳ್ಳೋಣ ಅಂತ ಮನಸ್ಸು ಎಷ್ಟು ಕೇಳಿತು ಗೊತ್ತೇ? ಬೇರೆಯವರಿಗೊಂದು ನ್ಯಾಯ, ನನ್ನ ಗಂಡನಿಗೊಂದು ನ್ಯಾಯವೇ ಅಂತ ನನಗೆ ನಾನೇ ಹೇಳಿಕೊಂಡೆ. ಹನ್ನೆರಡನ್ನೂ ಬೋರಲು ಹಾಕಿ ಒಡೆದೆ. ಅಳುತ್ತಾ ಒಡೆದೆ, ಆದರೆ ನುಣ್ಣಗೆ ಒಡೆದೆ.

ಪುಟ್ಟಿ, ನಿನ್ನ ಅಪ್ಪ ನಿನಗೆ ಬಿಟ್ಟುಹೋದದ್ದನ್ನು ನಾನು ಈ ಕೈಯಿಂದ ಪುಡಿ ಮಾಡಿದೆ. ಇದನ್ನು ಬರೆಯಲಾರದೆಯೇ ನಾಲ್ಕು ಕಾಗದ ಹರಿದದ್ದು.

ಆ ಚೀಲಗಳನ್ನು ಹಿತ್ತಲಿನ ನಡೆದಾರಿಯ ಗುಂಡಿ ತುಂಬಲು ಗಾರೆಯವನು ಒಯ್ದಿದ್ದ. ಎರಡು ಹಲ್ಲಿನವನು ಹೋದ ಮೇಲೆ ನಾನು ಸಂಜೆಯತನಕ ಅಲ್ಲಿ ಕೂತು ಅಡುಗೆಮನೆಯ ಚಮಚದಲ್ಲಿ ಕೆದಕಿದೆ. ಮೇಲಿನ ಮನೆಯಾಕೆ ಕಿಟಕಿಯಿಂದ "ಏನಾದ್ರೂ ಕಳ್ಕೊಂಡ್ರಾ?" ಅಂತ ಕೇಳಿದಳು. "ಕಿವಿ ಓಲೆ" ಅಂದೆ. ಪಾಪ, ಇಳಿದು ಬಂದು ಅವಳೂ ಹುಡುಕಿದಳು, ಓಲೆಯನ್ನ. ಸಿಕ್ಕಿದ್ದು ಕೋರೆಹಲ್ಲಿನ ಒಂದು ತುಂಡು, ಅಂಗುಳಿನ ನಾಲ್ಕಾರು ಚೂರು. ಪದದ ತುಂಡು ಒಂದೂ ಸಿಗಲಿಲ್ಲ, ಎಲ್ಲ ಮಣ್ಣಾಗಿತ್ತು. ನೆನಪಿನಲ್ಲಾದರೂ ಇದೆಯೇ ಅಂತ ಕಣ್ಣು ಮುಚ್ಚಿ ನೋಡುತ್ತೇನೆ. ಆರ್ಡರ್ ಚೀಟಿ ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ, ಅದೂ ಒಂದೊಂದೇ ಅಕ್ಷರ. ಐದನೆಯದರಲ್ಲಿ ಎರಡು ಸೊನ್ನೆಯಂಥ ಅಕ್ಷರ ಪಕ್ಕಪಕ್ಕ ಇದ್ದವು, ಕನ್ನಡಕದ ಹಾಗೆ. ಒಂಬತ್ತನೆಯದು ಚಿಕ್ಕದು, ಮೂರೇ ಅಕ್ಷರ. ಅಷ್ಟೇ. ಶಾಲೆ ಬಿಡಿಸದೆ ಇದ್ದಿದ್ದರೆ ಒಂದು ಸಲ ನೋಡಿದ್ದನ್ನು ಓದಿರುತ್ತಿದ್ದೆ, ಓದಿದ್ದರೆ ನೆನಪಿರುತ್ತಿತ್ತು. ಈಗ ಯಾರನ್ನು ಬೈಯಲಿ?

ಎರಡು ಹಲ್ಲಿನವನು ಮತ್ತೆ ಬಂದಿದ್ದ, ಒಂದು ಬುಟ್ಟಿ ಹಣ್ಣು ತಂದಿದ್ದ. ಸಿಕ್ಕಿತಾ ಅಂತ ಕೇಳಿದ. ಇನ್ನೂ ಹುಡುಕುತ್ತಿದ್ದೇನೆ ಅಂದೆ. "ಸಿಗದಿದ್ರೂ ಬೇಜಾರು ಮಾಡ್ಕೋಬೇಡಿ ಆಂಟಿ. ಹಿಂಗೆ ಎಷ್ಟೋ ಜನರದ್ದು ಹೋಗಿದೆ. ಕಳೆದುಹೋದದ್ದು ಉಳಿದವರಿಗೆ ದಾನ ಇದ್ದ ಹಾಗೆ. ಮಾರಾಟಕ್ಕೆ ಬರೋದು ಕಮ್ಮಿ ಆಗುತ್ತಲ್ಲ, ಇರೋದರ ಬೆಲೆ ಏರುತ್ತೆ" ಅಂದ. ಬಹಳ ಮೃದುವಾಗಿ ಹೇಳಿದ. ಅವನು ಹೋದ ಮೇಲೆ ಹೊಳೆಯಿತು. ದಾನ ಎರಡು ಲಕ್ಷ ಜನಕ್ಕೂ ಸಮನಾಗಿ ಹೋಗುವುದಿಲ್ಲವಲ್ಲ. ಯಾರ ಹತ್ತಿರ ಹೆಚ್ಚು ಸಾಲಿದೆಯೋ ಅವರಿಗೇ ಹೆಚ್ಚು ಹೋಗುತ್ತದೆ. ಸಿಗಲಿ ಅಂತ ಬಂದಿದ್ದನೋ, ಸಿಗದಿರಲಿ ಅಂತಲೋ? ಹಣ್ಣು ಹಾಗೇ ಇವೆ, ತಿನ್ನಲು ಮನಸ್ಸು ಬರಲಿಲ್ಲ, ಎಸೆಯಲೂ ಬರಲಿಲ್ಲ.

ಶುಕ್ರವಾರ

ಇನ್ನೊಬ್ಬರ ಬಗ್ಗೆ ಬರೆಯದಿದ್ದರೆ ಕಾಗದ ಅರ್ಧವಾಗುತ್ತದೆ. ನಮ್ಮ ಬೀದಿಗೆ ಬರುವ ಬಸ್ಸಿನ ಚಾಲಕ, ದಪ್ಪ ಮೀಸೆಯವನು, ನೀನು ಶಾಲೆಗೆ ಹೋಗುವಾಗ ನಿನಗಾಗಿ ಬಸ್ಸು ನಿಲ್ಲಿಸಿಕೊಂಡಿರುತ್ತಿದ್ದನಲ್ಲ, ಅವನು. ಸೋಮವಾರ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದ. ಹಲ್ಲು ನೋವೇನೋ, ಡಾಕ್ಟರಮ್ಮನ ಹತ್ತಿರ ಹೋಗಬೇಕಾದವನು ತಪ್ಪಿ ಇಲ್ಲಿಗೆ ಬಂದಿದ್ದಾನೆ ಅಂದುಕೊಂಡೆ. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸುತ್ತಾ ಕೂತ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಮೂರನೇ ಸಾಲಿನವರು ಹೋಗಿಬಿಟ್ರು, ಹಲ್ಲು ಕಟ್ಟೋರಂತೆ ಅಂತ ನಮ್ಮ ಗುಂಪಲ್ಲಿ ಮಾತು ಬಂತು. ಹಲ್ಲು ಕಟ್ಟೋರು ನನಗೆ ಗೊತ್ತಿರೋದು ನೀವೊಬ್ರೇ."

ಅವನೂ ಆ ಎರಡು ಲಕ್ಷ ಜನರಲ್ಲಿ ಒಬ್ಬನಂತೆ. ಅವರಪ್ಪನ ಜಾಗ ಮಾರಿ ಅವನ ಪಾಲಿಗೆ ಬಂದದ್ದನ್ನೆಲ್ಲ ಅದರಲ್ಲಿ ಹಾಕಿದ್ದಾನೆ.

"ನೀವು ಒಂದೇ ಸಲ ಮಾರಿಬಿಟ್ರೆ ನಾವು ಮುಗಿದ್ವಿ ಅಕ್ಕಾ. ಬೆಲೆ ಬಾವಿಗೆ ಬಿದ್ದ ಹಾಗೆ ಬೀಳುತ್ತೆ. ಮಾರ್ಬೇಡಿ ಅಂತ ಹೇಳೋಕೆ ನಾನ್ಯಾರು? ನಿಮ್ಮದು, ನಿಮ್ಮಿಷ್ಟ. ಆದ್ರೆ ಸ್ವಲ್ಪ ಸ್ವಲ್ಪ ಮಾರಿ. ಮೊದಲು ನನಗೊಂದು ಮಾತು ಹೇಳಿ."

"ನಿನ್ನ ಹೆಂಡತಿ ಏನಂತಾಳೆ?" ಅಂದೆ.

"ಅವಳಿಗೆ ಗೊತ್ತಿಲ್ಲ ಅಕ್ಕಾ. ಗೊತ್ತಾದ್ರೆ ಊಟ ಬಿಡ್ತಾಳೆ."

"ಬಿಟ್ರೆ ಬಿಡ್ಲಿ ಬಿಡೋ. ಎರಡು ಹೊತ್ತು ಬಿಟ್ಟು ಮೂರನೇ ಹೊತ್ತಿಗೆ ತಿಂತಾಳೆ. ಇವತ್ತೇ ಹೋಗಿ ಹೇಳು" ಅಂತ ಗದರಿದೆ. ಅವನನ್ನು ಗದರಿದೆನೋ ಅಪ್ಪನನ್ನೋ, ತಿಳಿಯಲಿಲ್ಲ.

ಅವನಿಗೆ ನಿಜ ಹೇಳಬಹುದಿತ್ತು. ಒಡೆದುಹೋಯಿತಪ್ಪ, ಇನ್ನು ಯಾರೂ ಮಾರಲಾರರು, ನೆಮ್ಮದಿಯಾಗಿ ಬಸ್ಸು ಓಡಿಸು ಅಂತ. ಆದರೆ ನಿನಗೆ ಹೇಳುವ ಮೊದಲು ಇನ್ನೊಬ್ಬರಿಗೆ ಹೇಗೆ ಹೇಳಲಿ? "ನಾನು ಮಾರಲ್ಲ. ನನ್ನ ಮಾತು ನಂಬು" ಅಂದೆ ಅಷ್ಟೆ. ನನ್ನ ಕೈಯಲ್ಲಿ ಏನೂ ಇಲ್ಲದೆ ಕೊಟ್ಟ ಮಾತು, ಉಳಿಸಿಕೊಳ್ಳುವುದು ಸುಲಭ ಅಂತ ಕೊಟ್ಟೆ. ಅವನು ಕಣ್ಣೊರೆಸಿಕೊಂಡು ಬಾಗಿ ನಮಸ್ಕಾರ ಮಾಡಿದ. ನನಗೆ ನಾಚಿಕೆಯಾಯಿತು. ಅರವತ್ತು ಜನರನ್ನು ಕೂರಿಸಿಕೊಂಡು ಓಡಿಸುವವನು, ನನ್ನಂಥವಳ ಒಂದು ಮಾತಿಗೆ ಅಷ್ಟು ಹಗುರಾಗಿ ಹೋದ.

ನನಗೆ ಹಣದ ಆಸೆ ಇಲ್ಲ ಅಂತ ಬರೆದರೆ ನೀನು ನಗುತ್ತೀ. ಇದೆ. ಮೆಟ್ಟಿಲಿಲ್ಲದ ಮನೆಯೊಂದು ಬೇಕು, ನಿನ್ನನ್ನು ಆ ಕ್ರೇನಿನಿಂದ ಇಳಿಸಬೇಕು ಅಂತ ಆಸೆ ಇದೆ. ಆದರೆ ಎದೆಯೊಳಗೆ ಕೊರೆಯುವುದು ಅದಲ್ಲ. ಮೂವತ್ತೊಂದು ವರ್ಷ ನಾವಿಬ್ಬರೂ ಎದುರುಬದುರು ಮೇಜಿನಲ್ಲಿ ಕೂತು ಕೆಲಸ ಮಾಡಿದೆವು. ಅವರ ತಲೆನೋವು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಹನ್ನೆರಡು ಸಲ ತಮ್ಮ ಬಾಯಿಗೆ ತಾವೇ ಅಚ್ಚು ಕಚ್ಚಿಕೊಂಡು, ಹನ್ನೆರಡು ಸಲ ಹೊಯ್ದು, 'ಇವನ್ನ ಒಡೀಬೇಡ ಕಣೇ' ಅನ್ನುವ ಒಂದು ಮಾತು ಯಾಕೆ ಹೇಳಲಿಲ್ಲ? ಹೇಳೋಣ ಅಂದುಕೊಂಡು ದಿನ ತಳ್ಳುತ್ತಿದ್ದರೇ? ಅಷ್ಟರಲ್ಲಿ ಉಸಿರು ನಿಂತಿತೇ? ಹಾಗೇ ಇರಬೇಕು ಅಂತ ನನಗೆ ನಾನು ಹೇಳಿಕೊಳ್ಳುತ್ತೇನೆ. ನಿನಗೇನಾದರೂ ಅನ್ನಿಸಿದರೆ ಬರೆ. ನೀನು ಅಪ್ಪನ ಮಗಳು, ಅವರ ಮನಸ್ಸು ನಿನಗೆ ತಿಳಿಯುತ್ತದೆ.

ನನ್ನನ್ನು ಕ್ಷಮಿಸುತ್ತೀಯೋ ಇಲ್ಲವೋ, ಎರಡರಲ್ಲಿ ಒಂದು ಬರೆದುಬಿಡು. ಸುಮ್ಮನೆ ಮಾತ್ರ ಇರಬೇಡ. ನಿನ್ನ ಕೈ ಹಿಡಿದ ಕಂಬಿ ಗಟ್ಟಿಯಾಗಿರಲಿ, ನೀನು ಎತ್ತುವ ಪೆಟ್ಟಿಗೆ ನೆಟ್ಟಗೆ ಇಳಿಯಲಿ, ನಿನ್ನನ್ನು ಮೆಚ್ಚುವವರು ನಿನ್ನ ಪಕ್ಕ ಇರಲಿ. ನನ್ನ ಆಯುಸ್ಸು ಉಳಿದದ್ದೆಲ್ಲ ನಿನಗೇ ಸೇರಲಿ.

ನಿನ್ನ
ಅಮ್ಮ

ಮರೆತ ಮಾತು, ಶನಿವಾರ: ಲಕೋಟೆ ಅಂಟಿಸಿ, ಸ್ಟಾಂಪ್ ಸರಿಯಾಗಿದೆಯೇ ಅಂತ ಮೂರು ಸಲ ನೋಡಿ, ಬಾಗಿಲ ಹತ್ತಿರ ಇಟ್ಟಿದ್ದೆ. ಕಿತ್ತು ತೆಗೆದು ಬರೆಯುತ್ತಿದ್ದೇನೆ. ಮರೆತದ್ದಲ್ಲ, ಆಗ ಗೊತ್ತಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಬಸ್ಸಿನವನು ಬಂದ. ಕೂರು ಅಂದರೆ ಕೂರಲಿಲ್ಲ. "ಮಾತು ಕೊಟ್ಟಿದ್ರಿ ಅಕ್ಕಾ" ಅಂದ. ಫೋನು ತೋರಿಸಿದ. ಮೂರನೇ ಸಾಲು ಖಾಲಿ, ಇದ್ದದ್ದೆಲ್ಲ ನಿನ್ನೆ ಮೊದಲನೇ ಸಾಲಿಗೆ, ಅಂಗಡಿಗೆ ಹೋಗಿದೆ. ಅಂಗಡಿಗೆ ಹೋದರೆ ಮಾರುವುದಕ್ಕೇ ಅಂತ ಅರ್ಥವಂತೆ. ಬೆಲೆ ಮುಕ್ಕಾಲು ಬಿದ್ದಿದೆ. ಅವನಿಗೆ ಚಹಾ ಇಟ್ಟು, ನಾನು ಒಳಕೋಣೆಗೆ ಹೋಗಿ ನಿನಗೆ ಫೋನು ಮಾಡಿದೆ. ಏನಾಯಿತೋ ಕೇಳಿ ತಿಳಿಯೋಣ ಅಂತ ಮಾಡಿದ್ದು, ದೇವರಾಣೆ, ನಿನ್ನ ಮೇಲೆ ಅನುಮಾನಪಟ್ಟು ಅಲ್ಲ. ನೀನು ಎತ್ತಿ ಮೊದಲು ಅಂದದ್ದು, "ಅಮ್ಮ, ಗಾಬರಿ ಆಗ್ಬೇಡ." ನಾನಿನ್ನೂ ಏನೂ ಕೇಳಿರಲಿಲ್ಲ.

ಐದು ವರ್ಷದಿಂದ ನಿನಗೆ ಗೊತ್ತಿತ್ತು. ಹನ್ನೆರಡು ಪದವನ್ನೂ ಅಪ್ಪ ನಿನಗೆ ಬಾಯಿಪಾಠ ಮಾಡಿಸಿದ್ದರು. ಅಮ್ಮನಿಗೆ ಹೇಳಿದರೆ ನಿದ್ದೆ ಬಿಟ್ಟು ಬಾಗಿಲು ಕಾಯುತ್ತಾಳೆ ಅಂದರಂತೆ. ಇರಬಹುದು, ಕಾಯುತ್ತಿದ್ದೆನೋ ಏನೋ. ಮತ್ತೆ ಆ ಅಚ್ಚುಗಳು ಯಾಕೆ ಅಂತ ಕೇಳಿದೆ. "ನಾನು ಮರೆತ್ರೆ ಇರ್ಲಿ ಅಂತ" ಅಂದೆ ನೀನು. ಅವರು ಹೋದ ಮೇಲೆ ಬೇರೆಯವರ ಕೈಗೆ ಸಿಕ್ಕಿದ್ದರೆ ಅಂದದ್ದಕ್ಕೆ ನೀನು ನಕ್ಕೆ. "ಅಪ್ಪ ಅದನ್ನೂ ಯೋಚನೆ ಮಾಡಿದ್ರಮ್ಮ. ನಿಮ್ಮಮ್ಮ ಇದ್ದಾಳಲ್ಲ, ನಾನು ಹೋದ ವಾರವೇ ಒಡೆದು ಹಾಕ್ತಾಳೆ ಅಂದಿದ್ರು. ನಿನ್ನ ಮೇಲೆ ಅಷ್ಟು ನಂಬಿಕೆ ಇತ್ತು ಅವರಿಗೆ" ಅಂದೆ. ಹೊಗಳಿದ ಹಾಗೆ ಅಂದೆ. ಆಮೇಲೆ ಪಾಳಿಗೆ ಹೊತ್ತಾಯಿತು ಅಂತ ಫೋನು ಇಟ್ಟೆ.

ನಾನು ಅಳುತ್ತಾ ಒಡೆಯುತ್ತೇನೆ ಅಂತಲೂ ಅವರಿಗೆ ಗೊತ್ತಿತ್ತೇ, ಕೇಳಬೇಕಿತ್ತು.

ಹೊರಗೆ ಬಂದೆ. ಬಸ್ಸಿನವನು ನಿಂತೇ ಇದ್ದ. "ನಿಜ ಹೇಳಿ ಅಕ್ಕಾ. ಇದು ನಿಮಗೆ ಗೊತ್ತಿತ್ತಾ, ಇಲ್ವಾ?" ಅಂದ. ಅವನ ಮುಖ ನೋಡಿದರೆ 'ಇಲ್ಲ' ಅನ್ನಲಿ ಅಂತಲೇ ಕಾಯುತ್ತಿದ್ದ. ಅಂದಿದ್ದರೆ ನನ್ನ ಜೊತೆ ಕೂತು ಅಳುತ್ತಿದ್ದ. ನನ್ನ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿರಲಿಲ್ಲ ಕಣಪ್ಪ ಅಂತ ಹೇಳಲು ಬಾಯಿ ತೆರೆದೆ. ಬರಲಿಲ್ಲ.

"ಗೊತ್ತಿತ್ತು" ಅಂದೆ.

ಟೋಪಿ ಹಾಕಿಕೊಂಡು ಇಳಿದು ಹೋದ. ಚಹಾ ಮುಟ್ಟಿರಲಿಲ್ಲ.